ಮಾನ್ವಿಯ ಅಡುಗೆಮನೆಗೆ ನಾನು ಅಂಟಿಸಿದ ಹಾಳೆ

ರಿಟೈರ್ ಆದ ಮೇಲೆ ನನಗೆ ಸಿಕ್ಕ ಕೆಲಸಕ್ಕೆ ಆಫೀಸಿನವರು ಇಟ್ಟ ಹೆಸರು ಸರ್ವಿಸ್ ಕೋಆರ್ಡಿನೇಟರ್. ದೇವದುರ್ಗದ ಒಬ್ಬ ಅಜ್ಜಿ ಅದನ್ನು ಬಿಡಿಸಿ ಹೇಳಿದ್ದೇ ಹೆಚ್ಚು ಸರಿ: ‘ಕೂಸಿನ ಸಲುವಾಗಿ ಊರೂರು ತಿರುಗೋ ಟೀಚರಮ್ಮ.’ ನಡೆಯುವುದು, ಮಾತಾಡುವುದು, ಕತ್ತು ನಿಲ್ಲುವುದು ತಡವಾದ ಚಿಕ್ಕ ಮಕ್ಕಳ ಮನೆಗಳಿಗೆ ನಾನು ಹೋಗುತ್ತೇನೆ. ಯಾವ ಡಾಕ್ಟರನ್ನು ಯಾವಾಗ ನೋಡಬೇಕು, ಕಿವಿಯ ಟೆಸ್ಟ್ ಎಲ್ಲಿ, ಸರ್ಟಿಫಿಕೇಟಿಗೆ ಏನೇನು ಕಾಗದ, ಅಂಗನವಾಡಿಯವರಿಗೆ ಹೇಗೆ ಹೇಳಬೇಕು, ಇದನ್ನೆಲ್ಲ ಒಂದೇ ಫೈಲಿಗೆ ತರುವುದು ನನ್ನ ಕೆಲಸ. ದೇವದುರ್ಗದ ಒಬ್ಬ ತಾಯಿಗೆ ರಾಯಚೂರಿನಲ್ಲಿ ಮೂರು ಕಡೆ ಮೂರು ಬೇರೆ ದಿನ ಕೊಟ್ಟಿದ್ದರು. ಫೋನಿನಲ್ಲಿ ನನ್ನ ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಹೊರತೆಗೆದು ಮೂರನ್ನೂ ಒಂದೇ ಬುಧವಾರಕ್ಕೆ ತಂದೆ. ಆ ಇಂಗ್ಲಿಷಿನಿಂದ ಇನ್ನೊಬ್ಬರಿಗೆ ಉಪಕಾರವಾದದ್ದು ಬಹುಶಃ ಅದೇ ಮೊದಲು.

ಆದರೆ ನಾನು ಬರೆಯಲು ಕುಳಿತದ್ದು ಮಾನ್ವಿಯ ಹುಡುಗಿಯ ವಿಷಯ. ಅಲ್ಲಿ ತಪ್ಪು ನನ್ನದು.

ಮೂರು ವರ್ಷ ದಾಟಿದ ಮಗು. ತಂದೆ ಬಸ್ ಸ್ಟ್ಯಾಂಡ್ ಬಳಿ ಹಣ್ಣಿನ ವ್ಯಾಪಾರಿ, ಮನೆಯ ಮಾತು ದಖನಿ, ನಮ್ಮ ಕಡೆಯ ಉರ್ದು. ಕಿವಿ ಸರಿಯಾಗಿದೆ ಎಂದು ಟೆಸ್ಟಿನಲ್ಲಿ ಬಂದಿತ್ತು, ಮಾತು ಮಾತ್ರ ನಾಲ್ಕೈದು ಶಬ್ದಕ್ಕೆ ನಿಂತಿತ್ತು. ರಾಯಚೂರಿನ ಸ್ಪೀಚ್ ಥೆರಪಿಸ್ಟ್ ಮೈಸೂರು ಕಡೆಯ ಚುರುಕು ಹುಡುಗಿ. ಎರಡು ಭಾಷೆ ಕಿವಿಗೆ ಬಿದ್ದರೆ ಮಗು ಕನ್ಫ್ಯೂಸ್ ಆಗುತ್ತದೆ, ಅಂಗನವಾಡಿಯದು ಕನ್ನಡ, ಮನೆಯಲ್ಲೂ ಕನ್ನಡವನ್ನೇ ಆಡಲಿ ಎಂದಳು. ನನಗದು ಬಹಳ ಸರಿ ಎನಿಸಿತು. ನಾನು ಓದಿದ ಕಾನ್ವೆಂಟಿನ ಕಾರಿಡಾರಿನಲ್ಲಿ ಒಂದು ಕನ್ನಡ ಶಬ್ದ ಬಾಯಿ ತಪ್ಪಿ ಬಂದರೆ ಮೊಣಕಾಲೂರಿಸುತ್ತಿದ್ದರು. ಭಾಷೆ ಬರುವುದೇ ಹಾಗೆ ಎಂದು ಈ ವಯಸ್ಸಿನವರೆಗೂ ನಂಬಿದ್ದವಳು ನಾನು. ದೊಡ್ಡ ಹಾಳೆಯಲ್ಲಿ ‘ಮನೆಯಲ್ಲಿ ಕನ್ನಡ ಮಾತ್ರ’ ಎಂದು ನನ್ನ ನೀಟಾದ ಅಕ್ಷರದಲ್ಲಿ ಬರೆದು, ಮಗಳನ್ನು ಕೆಡಿಸಬೇಡ ಎಂದು ತಾಯಿಗೆ ಬುದ್ಧಿ ಹೇಳಿ, ಅವರ ಅಡುಗೆಮನೆಯ ಗೋಡೆಗೆ ನಾನೇ ಅಂಟಿಸಿ ಬಂದೆ.

ಮೂರು ತಿಂಗಳಲ್ಲಿ ಇದ್ದ ಶಬ್ದಗಳೂ ಹೋದವು. ಥೆರಪಿಸ್ಟ್ ಮಗುವನ್ನು ಮತ್ತೆ ಪರೀಕ್ಷಿಸಿ ಫಾರಂ ತುಂಬುವ ರಿವ್ಯೂ ಹತ್ತಿರ ಬಂತು. ಹೇಳಿದ್ದು ಮಗುವಿಗೆ ತಿಳಿಯುವುದಿಲ್ಲ ಎಂದು ಅಲ್ಲಿ ಬರೆದುಬಿಟ್ಟರೆ ಮನೆಯ ಪಕ್ಕದ ಅಂಗನವಾಡಿ ತಪ್ಪಿಹೋಗುತ್ತಿತ್ತು. ದಿನವೂ ರಾಯಚೂರಿನ ವಿಶೇಷ ಮಕ್ಕಳ ಸೆಂಟರಿಗೆ ಬಸ್ಸಿನಲ್ಲಿ ಬರಬೇಕಾಗುತ್ತಿತ್ತು. ಅದು ಆ ಮನೆಯಿಂದ ಆಗದ ಮಾತು. ಮಗು ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿಯುತ್ತಿತ್ತು.

ರಿವ್ಯೂಗೆ ಮೊದಲಿನ ವಾರ ಹೋದಾಗ ಮಗುವಿನ ಅಜ್ಜಿ ನನ್ನನ್ನು ಬಾಗಿಲಲ್ಲೇ ಹಿಡಿದಳು.

‘ಬರ್ರಿ ಟೀಚರಮ್ಮ. ಕೂಸಿಗೆ ಮಾತು ಕಲಿಸ್ತೀನಂತ ಬಂದ್ರಿ, ನನ್ನ ಸೊಸೀ ಮಾತೂ ಕಸ್ಕೊಂಡು ಹೋದ್ರಿ.’

ನಾನು ಸೊಸೆಯ ಕಡೆ ತಿರುಗಿದೆ. ಆಕೆ ಒಲೆಯ ಕಡೆಗೇ ನೋಡುತ್ತ ಹೇಳಿದಳು: ‘ನನಗ ಬರೋದು ಸಂತಿ ಕನ್ನಡರೀ ಮೇಡಂ. ಎಷ್ಟು, ಕೊಡ್ರಿ, ಬ್ಯಾಡ್ರಿ. ಅಷ್ಟರಾಗ ಮಗಳಿಗೆ ಏನ್ ಹೇಳ್ಲಿ? ನಮ್ಮ ಮಾತು ಆಡಿದ್ರ ಕೆಡ್ತಾಳಂದ್ರಿ. ಅದಕ್ಕ ಸುಮ್ಮನ ಉಣ್ಣಿಸ್ತೀನಿ, ಸುಮ್ಮನ ಮಲಗಿಸ್ತೀನಿ.’

ಮೂರು ತಿಂಗಳು. ನನ್ನ ಅಕ್ಷರವನ್ನು ನಂಬಿ ಒಬ್ಬ ತಾಯಿ ಮೂರು ತಿಂಗಳು ತನ್ನ ಮಗಳೊಂದಿಗೆ ಬಾಯಿ ಬಿಟ್ಟಿರಲಿಲ್ಲ. ನಾನು ಒಳಗೆ ಹೋಗಿ ಹಾಳೆ ಕಿತ್ತೆ. ಗೋಡೆಯ ಸುಣ್ಣವೂ ಜೊತೆಗೇ ಬಂತು. ಅಂಟು ಬಾಳ ಚೊಲೋ ತಂದೀರಿ ಎಂದು ಅಜ್ಜಿ ಚುಚ್ಚಿದಳು. ಇವತ್ತಿನಿಂದ ಮಗಳಿಗೆ ನಿನ್ನ ಮಾತಿನಲ್ಲೇ ಹೇಳು, ಹಾಡು, ಬೈಯಿ ಎಂದು ಆ ತಾಯಿಗೆ ಹೇಳಿ, ಬಸ್ಸು ಹತ್ತಿದೆ. ರಾಯಚೂರು ಬರುವವರೆಗೂ ನನ್ನ ಮೇಲೆ ನನಗೇ ನಾಚಿಕೆ.

ರಿವ್ಯೂ ದಿನ ಥೆರಪಿಸ್ಟ್ ಮಗುವಿನ ಮುಂದೆ ಬಾಚಣಿಗೆ, ಚೆಂಡು, ಕನ್ನಡಿ ಇಟ್ಟಳು. ಬಾಚಣಿಗೆ ಕೊಡು ಎಂದಳು, ಚೆಂಡು ಎಲ್ಲಿದೆ ಎಂದಳು. ಮಗು ಫ್ಯಾನ್ ನೋಡುತ್ತ ಕುಳಿತಿತು. ಪೆನ್ನು ಫಾರಂ ಮೇಲೆ ಓಡಿತು: ತಿಳಿಯುವುದಿಲ್ಲ.

ಅದನ್ನೇ ತಾಯಿ ಕೇಳಲಿ, ಅವಳ ಭಾಷೆಯಲ್ಲಿ ಎಂದೆ. ಹಾಗೆ ಮಾಡಿದರೆ ಟೆಸ್ಟ್ ವ್ಯಾಲಿಡ್ ಆಗಲ್ಲ ಮೇಡಂ ಎಂದಳು ಹುಡುಗಿ. ಐ ಮೇಡ್ ಎ ಮಿಸ್ಟೇಕ್ ಎಂದು ಶುರು ಮಾಡಿ ಹಾಳೆಯ ಕಥೆಯನ್ನೆಲ್ಲ ಹೇಳಿದೆ. ಅವಳು ತನ್ನ ಕುರ್ಚಿ ಬಿಟ್ಟು ಎದ್ದಳು. ತಾಯಿ ಅದರಲ್ಲಿ ಕೂರಲಿಲ್ಲ, ಬಾಗಿಲ ಬಳಿ ನೆಲದ ಮೇಲೆ ಕುಳಿತಳು. ಮಗಳ ಕಡೆ ತಿರುಗಿದಳು. ಆಮೇಲೆ:

‘ಕಂಗಿ ಲೇಕೊ ಆ.’

ಮಗು ಎದ್ದು, ಬಾಚಣಿಗೆ ತೆಗೆದುಕೊಂಡು, ನೇರವಾಗಿ ತಾಯಿಯ ಕೈಗೆ ಕೊಟ್ಟಿತು. ಗೇಂದ್ ಕಾಂ ಹೈ ಎಂದಳು, ಚೆಂಡು ಬಂತು. ದರ್ವಾಜಾ ಬಂದ್ ಕರ್ ಎಂದಳು, ಬಾಗಿಲು ಮುಚ್ಚಿತು. ಫಾರಂನಲ್ಲಿದ್ದದ್ದು ಮುಗಿದರೂ ತಾಯಿ ನಿಲ್ಲಿಸಲಿಲ್ಲ. ಮೂಗು ತೋರಿಸು, ಚಪ್ಪಲಿ ತಾ, ಕುಳಿತುಕೋ, ಏಳು, ನನ್ನ ಹತ್ತಿರ ಬಾ. ಮಗು ನಗುತ್ತ ಒಂದೊಂದನ್ನೂ ಮಾಡಿತು.

‘ತಿಳೀತದ ಅಂತ ಬರಕೊಳ್ರಿ,’ ಎಂದಳು ಆ ತಾಯಿ. ಅವಳು ದನಿ ಎತ್ತಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಥೆರಪಿಸ್ಟ್ ತಾನು ಬರೆದದ್ದನ್ನು ಹೊಡೆದುಹಾಕಿದಳು. ಓದಿ ಬಂದ ಎಳೆಯ ವಯಸ್ಸಿನಲ್ಲಿ ಅದು ಸುಲಭವಲ್ಲ, ನನಗೇ ಮುಪ್ಪಿನವರೆಗೆ ಆಗಿರಲಿಲ್ಲ.

ಮಗು ಈಗ ಮನೆಯ ಪಕ್ಕದ ಅಂಗನವಾಡಿಗೇ ಹೋಗುತ್ತಿದೆ. ಕಳೆದುಹೋದ ಶಬ್ದಗಳು ಹಿಂದಿರುಗಿವೆ, ಹೊಸವೂ ಸೇರಿವೆ. ಪೂರ್ತಿ ವಾಕ್ಯ ಇನ್ನೂ ಇಲ್ಲ. ನಾನು ಯಾವ ಮನೆಗೆ ಹೋದರೂ ಈಗ ಮೊದಲು ಕೇಳುವುದು, ನೀವು ಮಗುವನ್ನು ಬೈಯುವುದು ಯಾವ ಭಾಷೆಯಲ್ಲಿ ಎಂದು. ತೆಲುಗು ಎನ್ನುತ್ತಾರೆ, ಲಂಬಾಣಿ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಎಲ್ಲರೂ ನಿಜ ಹೇಳುತ್ತಾರೆ.

ಮೊನ್ನೆ ರಾಯಚೂರಿನಲ್ಲಿ ಅದೇ ರೂಮಿಗೆ ಹೋದೆ. ಥೆರಪಿಸ್ಟ್ ನೋಟ್‌ಬುಕ್ಕಿನಲ್ಲಿ ದಖನಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮಗುವಿನ ಮುಂದೆ ತಡವರಿಸಿ ಓದುತ್ತಿದ್ದಳು. ತಾಯಿ ಈಗ ಕುರ್ಚಿಯ ಮೇಲೆ ಕುಳಿತಿದ್ದಳು, ಕೈಕಟ್ಟಿಕೊಂಡು, ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕೂರುತ್ತಿದ್ದ ಹಾಗೆ.

‘ಹಂಗಲ್ರೀ ಮೇಡಂ,’ ಎಂದಳು. ‘ಇನ್ನೊಮ್ಮಿ ಅನ್ರಿ.’