ಹೆಸರು ಬಿಡಿಸುವ ದೊಡ್ಡಮ್ಮ

ಈಗಷ್ಟೇ ಬೆಳಕು ಹರಿಯುತ್ತಿದೆ. ಪುಟ್ಟ ಔಷಧಿ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ನೀರು ಆಗಲೇ ಹಬೆಯಾಡುತ್ತಿದೆ. ಪೆಟ್ಟಿಗೆಗಳ ರಾಶಿ ಕಿಟಕಿಯನ್ನು ಮುಚ್ಚಿರುವುದರಿಂದ ದೊಡ್ಡಮ್ಮ ದೀಪ ಹಾಕಿಕೊಂಡೇ ಕೂತಿದ್ದಾರೆ. ಕೆಮ್ಮಿನ ಔಷಧಿಯ ಒಂದು ಬಾಟಲಿ ತೆಗೆದು, ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತಾರೆ. ಆಮೇಲೆ ಚೀಟಿಯ ಮೂಲೆಗೆ ಹೆಬ್ಬೆರಳಿನ ಉಗುರು ಕೊಟ್ಟರೆ, ಹಳೆಯ ಹೆಸರು ಹಣ್ಣಿನ ಸಿಪ್ಪೆಯಂತೆ ಎದ್ದುಬರುತ್ತದೆ. ಒರೆಸಿ, ಹೊಸ ಚೀಟಿ ಅಂಟಿಸಿ, ಒಮ್ಮೆ ನೀವಿ ಪಕ್ಕಕ್ಕಿಟ್ಟ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುವುದು.

ಈ ಕೆಲಸ ಬಂದದ್ದು ಕೋರ್ಟಿನಿಂದ. ದೊಡ್ಡ ಕಂಪನಿಯೊಂದು ಕೀಲುನೋವಿಗೆ ಹಚ್ಚುವ ಎಣ್ಣೆ ಮಾರುತ್ತದೆ. ಅದರ ಹೆಸರಿಗೂ ಇಲ್ಲಿನ ಕೆಮ್ಮಿನ ಔಷಧಿಯ ಹೆಸರಿಗೂ ಅಕ್ಕತಂಗಿಯರ ಹೋಲಿಕೆ. ಅಂಗಡಿಗಳಲ್ಲಿ ಅದನ್ನು ಕೇಳಿದವರ ಕೈಗೆ ಇದು, ಇದನ್ನು ಕೇಳಿದವರ ಕೈಗೆ ಅದು. ವರ್ಷಗಟ್ಟಲೆ ಕೇಸು ನಡೆದು ಪುಟ್ಟ ಕಾರ್ಖಾನೆ ಸೋತಿದೆ. ವಾಪಸು ಬಂದ ಬಾಟಲಿಗಳಿಗೆಲ್ಲ ಶನಿವಾರದೊಳಗೆ ಹೊಸ ಹೆಸರು ಅಂಟಬೇಕು, ಉಳಿದದ್ದನ್ನು ಚೆಲ್ಲಬೇಕು. ತುಂಬಾ ಚೆಲ್ಲಬೇಕಾಗಿ ಬಂದರೆ ಕಾರ್ಖಾನೆಯ ಬಾಗಿಲೇ ಮುಚ್ಚುತ್ತದೆ.

“ಕೋರ್ಟಿನ ಮೆಟ್ಟಿಲು ನಾನು ಹತ್ತಿಲ್ಲಮ್ಮ. ತೀರ್ಪು ಮಾತ್ರ ನನ್ನ ಉಗುರಿಗೆ ಬಂತು” ಎಂದು ದೊಡ್ಡಮ್ಮ ನಗುತ್ತಾರೆ. ಬಿಸಿನೀರಿಗೆ ಬೆರಳುಗಳು ಒಡೆದಿವೆ. ಹತ್ತೊಂಬತ್ತು ವರ್ಷ ಇಲ್ಲಿ ಬಾಟಲಿ ತೊಳೆದವರು, ಚೀಟಿ ಅಂಟಿಸಿದವರು. ಗಾಡಿ ಓಡಿಸುತ್ತಿದ್ದ ಗಂಡ ಮಂಡಿನೋವಿನಿಂದ ಮನೆಯಲ್ಲಿದ್ದಾರೆ. “ಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿಬಿಟ್ಟಿದ್ದಾಳೆ, ನನ್ನ ಹಣೆಗೊಂದೇ ಬಾಕಿ” ಅನ್ನುವುದು ಅವರ ದೂರು.

ಎಂಟು ಗಂಟೆಗೆ ಮಾಲೀಕರು ಬಂದು ರಾಶಿ ನೋಡಿ ತಲೆಗೆ ಕೈ ಹಚ್ಚುತ್ತಾರೆ.

“ಅಕ್ಕಾ, ಹೀಗೆ ಒಂದೊಂದೇ ಅಂತ ಕೂತರೆ ಮುಂದಿನ ಕೇಸೇ ಬಂದುಬಿಡುತ್ತೆ. ಎಲ್ಲಾ ಬಿಸಿನೀರಿನ ತೊಟ್ಟಿಗೆ ಹಾಕಿ, ಚೀಟಿ ತಾನಾಗೇ ಬಿಡುತ್ತೆ.”

“ಬಿಡುತ್ತೆ ಸಾರ್. ಆಮೇಲೆ ಮಕ್ಕಳದ್ಯಾವುದು, ದೊಡ್ಡವರದ್ಯಾವುದು ಅಂತ ಬಾಟಲಿ ಬಾಯಿಬಿಟ್ಟು ಹೇಳುತ್ತಾ?”

ಮಕ್ಕಳ ಔಷಧಿ, ದೊಡ್ಡವರ ಔಷಧಿ ಎರಡಕ್ಕೂ ಅದೇ ಕಂದು ಬಾಟಲಿ, ಅದೇ ಮುಚ್ಚಳ. ಅಂಗಡಿಗಳಿಂದ ಒಂದೇ ಪೆಟ್ಟಿಗೆಯಲ್ಲಿ ಬೆರೆತು ಬಂದಿವೆ. ಅದಕ್ಕೇ ದೊಡ್ಡಮ್ಮನ ಮೇಜಿನ ಮೇಲೆ ಹೆಸರಿಲ್ಲದ ಬಾಟಲಿ ಯಾವಾಗಲೂ ಒಂದೇ.

“ಶನಿವಾರಕ್ಕೆ ಮುಗಿಯದಿದ್ದರೆ?”

“ಉಳಿದದ್ದನ್ನು ನಾನೇ ಚೆಲ್ಲುತ್ತೀನಿ. ಅಳ್ತಾ ಚೆಲ್ಲುತ್ತೀನಿ. ಜನ ಒಂದು ಕೇಳಿದರೆ ಇನ್ನೊಂದು ಸಿಗುತ್ತೆ ಅಂತಲೇ ಅಲ್ವಾ ಸಾರ್ ನಾವು ಸೋತಿದ್ದು? ಮತ್ತೆ ಅದೇ ತಪ್ಪು ನಮ್ಮ ಕೈಯಾರೆ ಮಾಡೋದಾ?”

ಹಳೆಯ ಹೆಸರು ಮಾಲೀಕರ ಅಮ್ಮ ಇಟ್ಟದ್ದು. ಸಿಪ್ಪೆಯಂತೆ ಬಿದ್ದಿರುವ ಚೀಟಿಗಳನ್ನು ಮಾಲೀಕರು ಒಮ್ಮೆ ನೋಡಿ, ಅಂಗಿಯ ತೋಳು ಮಡಚಿ, ಇನ್ನೊಂದು ಮೇಜು ಎಳೆದುಕೊಂಡು ಒಂದೇ ಒಂದು ಬಾಟಲಿ ಇಟ್ಟುಕೊಳ್ಳುತ್ತಾರೆ. ಅವರು ಅಂಟಿಸಿದ ಮೊದಲ ಚೀಟಿ ಓರೆಯಾಗಿ ಕೂರುತ್ತದೆ.

“ಇದೇನು ಸಾರ್, ಚೀಟಿಯೇ ಕುಡಿದ ಹಾಗಿದೆ!”

ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯ ಡ್ರೈವರ್, ಗುಮಾಸ್ತೆ ಇಬ್ಬರೂ ಬಂದು ಕೂತಿದ್ದಾರೆ. ನಾಲ್ಕು ಮೇಜು, ನಾಲ್ಕೇ ಬತ್ತಲೆ ಬಾಟಲಿ. ಸಂಜೆಗೆ ರಾಶಿ ಕರಗಿ, ಕಿಟಕಿಯ ಮೇಲರ್ಧದಿಂದ ಬೆಳಕು ಒಳಗೆ ಬರುತ್ತಿದೆ. ಶನಿವಾರಕ್ಕೆ ಇನ್ನು ಎರಡೇ ದಿನ.

ಮುಗಿದ ಮೇಲೆ ಏನು ಆಸೆ ಎಂದು ಕೇಳಿದರೆ ದೊಡ್ಡಮ್ಮ ಕೈ ಒರೆಸಿಕೊಂಡು ಯೋಚಿಸುತ್ತಾರೆ.

“ಗುರುತಿಲ್ಲದ ಒಂದು ಅಂಗಡಿಗೆ ಹೋಗಿ ಹೊಸ ಹೆಸರು ಹೇಳಬೇಕು. ‘ಯಾವುದಮ್ಮಾ, ಕುಡಿಯೋದಾ ಹಚ್ಚೋದಾ’ ಅಂತ ಅವರು ತಿರುಗಿ ಕೇಳಬಾರದು. ಸೀದಾ ತೆಗೆದು ಕೈಗೆ ಕೊಡಬೇಕು. ಅಷ್ಟೇ ಕಣಮ್ಮ.”