ಖಂಡೇನವಮಿಯ ಜಪಾನೀ ಬಂದೂಕು

ಅವನಿಗೆ ಆ ಬಂದೂಕು ಸಿಕ್ಕಿತು ಎಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಕಲಸಿ ಎದ್ದುಹೋದೆ. ಫ್ಯಾಕ್ಟರಿಯಲ್ಲಿ ಲೇಆಫ್ ಏನಾದರೂ ಶುರುವಾಯಿತೇ ಎಂದು ಹೆಂಡತಿ ಗಾಬರಿಯಾದಳು. ಲೇಆಫ್ ಆಗಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ನಾನು ಕೂಡಿಡುತ್ತಿದ್ದದ್ದು ಜಪಾನಿನ ತರಬೇತಿ ಬಂದೂಕುಗಳನ್ನು. ಮಹಾಯುದ್ಧಕ್ಕೆ ಮುಂಚೆ ಆ ದೇಶದ ಶಾಲೆಗಳಲ್ಲಿ ಹುಡುಗರಿಗೆ ಕವಾಯತು ಕಲಿಸುತ್ತಿದ್ದರು. ಅದಕ್ಕೆಂದು ಸಣ್ಣಪುಟ್ಟ ಕಾರ್ಖಾನೆಗಳು ಮಾಡಿಕೊಟ್ಟ ಬಂದೂಕುಗಳು ಇವು. ನೋಡಲು ಥೇಟ್ ಸೈನಿಕರ ರೈಫಲ್ಲೇ. ಆದರೆ ನಳಿಗೆಯ ಒಳಗೆ ರೈಫಲ್ಲಿಗಿರುವ ತಿರುವುಗೆರೆಗಳಿಲ್ಲ, ನುಣ್ಣಗಿರುತ್ತದೆ, ಕಬ್ಬಿಣವೂ ಅಷ್ಟಕ್ಕಷ್ಟೆ. ಹುಸಿ ತೋಟಾ ಹಾಕಿ ಢಂ ಎನ್ನಿಸಬಹುದು. ನಿಜವಾದ ಗುಂಡು ಹಾಕಿದರೆ ಪೆಟ್ಟು ತಿನ್ನುವವನು ಎದುರಿಗಿದ್ದವನಲ್ಲ, ಹಿಡಿದವನೇ.

ಇದೆಂಥ ಹುಚ್ಚು ಎಂದು ಕೇಳದವರಿಲ್ಲ. ಮೈಸೂರಿನಲ್ಲಿ ಹೈಸ್ಕೂಲು ಓದುವಾಗ ಎನ್‌ಸಿಸಿಯಲ್ಲಿ ಗುಂಡು ಹಾರದ ಬಂದೂಕು ಹೊತ್ತು ಮೈದಾನ ಸುತ್ತಿ, ಕೊನೆಗೆ ಕೊಡುವ ಉಪ್ಪಿಟ್ಟಿಗೆ ಸಾಲು ನಿಂತವನು ನಾನು. ತೊಂಬತ್ತರ ದಶಕದ ನಡುವೆ, ಈ ಪರದೇಶಕ್ಕೆ ಬಂದು ವಾನ್ ಎಂಬ ಊರಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಫ್ಯಾಕ್ಟರಿಗೆ ಸೇರಿದ ಹೊಸತರಲ್ಲಿ, ಸಹೋದ್ಯೋಗಿಯೊಬ್ಬ ಹಳೆಯ ಬಂದೂಕುಗಳ ಪ್ರದರ್ಶನಕ್ಕೆ ಕರೆದೊಯ್ದ. ಮೇಜಿನ ಕೆಳಗೆ ಧೂಳು ಹಿಡಿದು ಬಿದ್ದಿದ್ದದ್ದನ್ನು ಎತ್ತಿ ಹೆಗಲಿಗಿಟ್ಟೆ. ಅದು ಸುಡುವ ಬಂದೂಕಲ್ಲ, ಸ್ಕೂಲು ಹುಡುಗರದು, ಎಂದು ಮಾರುವವನು ತಾತ್ಸಾರದಿಂದ ಹೇಳಿದ. ಅಷ್ಟು ಸಾಕಾಯಿತು ನನಗೆ. ಲೈಸೆನ್ಸು ಮಾಡಿಸಿದೆ, ಬೀಗದ ಬೀರು ತಂದೆ, ನಾರ್ತ್ ಯಾರ್ಕಿನ ಮನೆಯಲ್ಲಿ ಒಂದು ಕೋಣೆಯನ್ನೇ ಅವಕ್ಕೆ ಬಿಟ್ಟುಕೊಟ್ಟೆ. ಇಲ್ಲಿನ ಕನ್ನಡದ ಉಳಿದ ಗಂಡಸರು ಸ್ಟಾಂಪು, ನಾಣ್ಯ, ಹಳೆ ಹಾಡಿನ ಕ್ಯಾಸೆಟ್ಟು ಎಂದು ಮರ್ಯಾದೆಯಿಂದ ಇದ್ದರು. ನನ್ನನ್ನು ಸ್ವಲ್ಪ ದೂರದಲ್ಲೇ ಇಟ್ಟಿದ್ದರು.

ನನ್ನಲ್ಲಿ ಬಂದೂಕುಗಳೇನೋ ಇದ್ದವು. ಇಲ್ಲದ್ದು ಒಂದೇ, ಶಾಲೆಯ ಹೆಸರು ಹೊತ್ತದ್ದು. ಕೆಲವುಗಳ ಹಿಡಿಯ ಮರದ ಮೇಲೆ ಶಾಲೆಯವರೇ ಕುಂಚದಿಂದ, ಮಸಿಯಲ್ಲಿ ಬರೆಸುತ್ತಿದ್ದರಂತೆ. ಮಸಿ ಎಷ್ಟು ದಿನ ನಿಲ್ಲುತ್ತದೆ? ಹುಡುಗರ ಕೈಬೆವರಿಗೇ ಹೋಗಿಬಿಡುತ್ತದೆ. ಅಂಥದೊಂದಕ್ಕಾಗಿ ಪ್ರದರ್ಶನಗಳಿಗೆ ತಿರುಗಿದೆ, ಹರಾಜುಗಳಿಗೆ ತಿರುಗಿದೆ, ಕಂಡ ಕಂಡ ಮುದುಕರ ಬೇಸ್‌ಮೆಂಟುಗಳಿಗೆ ಇಳಿದೆ. ತಿಪ್ಪರಲಾಗ ಹಾಕಿದರೂ ಸಿಗಲಿಲ್ಲ.

ಸಿಕ್ಕಿದ್ದು ಅವನಿಗೆ. ಧಾರವಾಡದವನು, ಸಾಫ್ಟ್‌ವೇರಿನವನು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬಂದು ವಿಟ್ಬಿಯಲ್ಲಿ ಮನೆ ಮಾಡಿದವನು. ಯುಗಾದಿ ಊಟದಲ್ಲಿ ಪರಿಚಯವಾಗಿ ಮನೆಗೆ ಬಂದ, ನನ್ನ ಕೋಣೆ ನೋಡಿದ, ಅಲ್ಲೇ ಮರುಳಾಗಿಹೋದ. ಲೈಸೆನ್ಸಿನ ಪರೀಕ್ಷೆಗೆ ಪಕ್ಕದಲ್ಲಿ ಕೂತು ಓದಿಸಿದವನು ನಾನು. ಯಾವುದು ಅಸಲಿ, ಯಾವುದು ಕಸ ಎಂದು ಹೇಳಿಕೊಟ್ಟವನೂ ನಾನೇ. ಈ ಮಹಾರಾಯ ಒಂದು ಶನಿವಾರ ಮಗಳಿಗೆ ಹಳೆ ಸೈಕಲ್ ಸಿಗುತ್ತದೇನೋ ನೋಡೋಣವೆಂದು ಪಕ್ಕದ ಬೀದಿಯಲ್ಲಿ ಮನೆಯಂಗಳದಲ್ಲೇ ಹಳೆ ಸಾಮಾನು ಮಾರುವ ಯಾರ್ಡ್ ಸೇಲಿಗೆ ಹೋಗಿದ್ದಾನೆ. ತೀರಿಹೋದ ಗಂಡನ ಸಾಮಾನು ಖಾಲಿ ಮಾಡುತ್ತಿದ್ದ ಅಜ್ಜಿ, ನಿನಗೆ ಇಂಥದರಲ್ಲಿ ಆಸಕ್ತಿಯಿದೆಯೇ ಎಂದು ಒಳಗೆ ಕರೆದು ತೋರಿಸಿದ್ದಾಳೆ. ಮನೆಗೆ ಬಂದವನೇ ನನಗೆ ಫೋನು ಮಾಡಿದ.

"ಸರ, ಕಟಿಗಿ ಮ್ಯಾಲೆ ಕರೀ ಮಸ್ಯಾಗ ಏನೋ ಗೀಚ್ಯಾರ್ರೀ. ಒರಸಿದ್ರ ಹೋಗ್ತದೇನ್ರಿ?"

ಮುಟ್ಟಬೇಡ ಮಾರಾಯ, ಒದ್ದೆ ಬಟ್ಟೆ ಕೂಡ ಹತ್ತಿರ ತರಬೇಡ, ಎಂದು ಕಿರುಚಿಕೊಂಡೆ. ಫೋನಿಟ್ಟ ಮೇಲೆ, ಯಾಕಾದರೂ ಹೇಳಿದೆನೋ ಅನಿಸಿತು. ಊಟ ಸೇರದ್ದು ಅವತ್ತೇ.

ಮರುದಿನವೇ ವಿಟ್ಬಿಗೆ ಓಡಿದೆ. ಕಬ್ಬಿಣಕ್ಕೆ ಎಷ್ಟೋ ವರ್ಷಗಳ ಕಂದುಬಣ್ಣ ಹದವಾಗಿ ಕೂತಿತ್ತು. ಹಿಡಿಯ ಬಲಬದಿಗೆ ಮೇಲಿನಿಂದ ಕೆಳಕ್ಕೆ ಒಂದು ಸಾಲು ಅಕ್ಷರ. ಕೊನೆಯದು ಸ್ವಲ್ಪ ಮಾಸಿತ್ತು, ಉಳಿದವು ಬರೆದ ಕೈ ಎಲ್ಲಿ ಒತ್ತಿತು, ಎಲ್ಲಿ ಎತ್ತಿತು ಎಂದು ತಿಳಿಯುವಷ್ಟು ಸ್ಪಷ್ಟವಾಗಿದ್ದವು. ನನ್ನ ಮೈಯೆಲ್ಲ ಉರಿದುಹೋಯಿತು. ಎಲಾ ಇವನ, ನಿನ್ನೆ ಮೊನ್ನೆ ಕಣ್ಣು ಬಿಟ್ಟವನು! ನನ್ನಲ್ಲಿರುವುದರಲ್ಲಿ ಯಾವುದು ಬೇಕಾದರೂ ತಗೋ, ಇದನ್ನು ಕೊಡು ಎಂದೆ. ಆಮೇಲೆ ಎರಡು ತಗೋ ಎಂದೆ. ಹೊರಡುವ ಹೊತ್ತಿಗೆ ಬೀರು ಸಮೇತ ಎಲ್ಲವನ್ನೂ ಕೊಡಲು ಸಿದ್ಧನಾಗಿದ್ದೆ. ಅವನು ಬಂದೂಕನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಗುತ್ತಲೇ ಇದ್ದ.

"ಇದೊಂದು ಬಿಟ್ಟು ಏನರ ಕೇಳ್ರಿ ಸರ. ಇದು ನನಗ ಒಲಿದು ಬಂದದ."

ಒಲಿದು ಬಂದಿದೆಯಂತೆ! ಆಮೇಲೆ ಹೋದಾಗಲೆಲ್ಲ ಅದನ್ನು ತೆಗೆದು ತೋರಿಸುತ್ತಿದ್ದ, ನಾನು ಹಲ್ಲು ಕಚ್ಚಿಕೊಂಡು ಭೇಷ್ ಎನ್ನುತ್ತಿದ್ದೆ. ಏನು ಬರೆದಿದೆ ಎಂದು ಜಪಾನೀ ಬಲ್ಲವರಿಂದ ಓದಿಸಬೇಕು, ಒಂದು ಫೋಟೊ ತೆಗೆದುಕೊಡಿ ಸರ, ನಿಮ್ಮ ಕ್ಯಾಮೆರಾ ಚೆನ್ನಾಗಿದೆ ಎಂದು ಅವನು ಕೇಳುತ್ತಲೇ ಇದ್ದ. ಮುಂದಿನ ಸಲ ತರುತ್ತೇನೆ ಎನ್ನುತ್ತಿದ್ದೆ. ತರಲಿಲ್ಲ. ಇನ್ನೊಬ್ಬನ ಬಂದೂಕಿಗೆ ಫೋಟೊ ತೆಗೆದುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ನಾವು ಆಯುಧಪೂಜೆ ಎನ್ನುವುದನ್ನು ಅವರ ಕಡೆ ಖಂಡೇನವಮಿ ಎನ್ನುತ್ತಾರೆ. ಆ ಸಲ ಹಬ್ಬ ವಾರದ ದಿನ ಬಂದಿತ್ತು, ಇಲ್ಲಿನ ರೂಢಿಯಂತೆ ಭಾನುವಾರಕ್ಕೆ ಎಳೆದಿದ್ದರು. ನನಗೂ ಹೆಂಡತಿಗೂ ಊಟಕ್ಕೆ ಕರೆ ಬಂತು. ನಾವು ಕಾರು ನಿಲ್ಲಿಸುವ ಹೊತ್ತಿಗೆ ಅವನೂ ಹೂವು, ಬಾಳೆಎಲೆ ಹಿಡಿದು ಅಂಗಡಿಯಿಂದ ಬಂದಿಳಿದ. ಪೂಜೆಗೆಂದು ಬೆಳಿಗ್ಗೆಯೇ ಬಂದೂಕನ್ನು ಹೊರಗೆ ತೆಗೆದಿದ್ದೇನೆ, ಟ್ರಿಗ್ಗರಿಗೆ ಹಾಕಿದ ಬೀಗದ ಮೇಲಷ್ಟೇ ಕುಂಕುಮ ಇಡುವುದು, ಮರಕ್ಕೆ ಒಂದು ಚುಕ್ಕೆಯೂ ಸೋಕುವಂತಿಲ್ಲ, ಎಂದು ಹೇಳುತ್ತ ಬಾಗಿಲು ತೆಗೆದ. ನಾನು ಹೇಳಿಕೊಟ್ಟ ಪಾಠವನ್ನೇ ನನಗೆ ಒಪ್ಪಿಸುತ್ತಿದ್ದ.

ಅವನೂ ನಾನೂ ಒಟ್ಟಿಗೇ ನೋಡಿದೆವು. ಹಾಲಿನಲ್ಲಿ ಮಣೆಗಳ ಮೇಲೆ ಲ್ಯಾಪ್‌ಟಾಪು, ಮಿಕ್ಸಿ, ಸ್ಕ್ರೂಡ್ರೈವರು, ಮಗಳ ಸೈಕಲ್ಲು. ನಡುವೆ ಬಂದೂಕು. ನಳಿಗೆ ಈಗ ತಾನೇ ಅಂಗಡಿಯಿಂದ ತಂದ ಪಾತ್ರೆಯಂತೆ ಥಳಥಳ ಹೊಳೆಯುತ್ತಿತ್ತು. ಹಿಡಿಯ ಮರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಅಕ್ಷರಗಳಿದ್ದ ಜಾಗದಲ್ಲೇ ಮೂರು ಬೆರಳಿನ ವಿಭೂತಿ ಎಳೆದಿತ್ತು. ಅದರ ಕೆಳಗೆ ಬರೀ ಮರ.

ಅವನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಮಡಿಯುಟ್ಟಿದ್ದರು, ಮುಖದಲ್ಲಿ ದಣಿವು, ಸಂತೋಷ ಎರಡೂ. ಕಾರು ತೊಳೆಯುವ ಗಂಡಸರಿಗೆ ಪೂಜೆಗಿಡುವ ಆಯುಧ ತೊಳೆಯುವುದು ಗೊತ್ತಾಗುವುದಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ, ಮರದ ಕೊಳೆಗೆ ಸೋಪು ಬೇಕಾಯಿತು, ಒಂದು ಗಂಟೆ ಹಿಡಿಯಿತು ಎಂದರು. ತೊಳೆಯದ ಆಯುಧವನ್ನು ದೇವರ ಮುಂದಿಡುವುದುಂಟೇ? ಅವರು ಹೇಳುವುದರಲ್ಲಿ ತಪ್ಪೇನಿತ್ತು?

ನನಗೆ ಮೊದಲು ಆದದ್ದು ದುಃಖವಲ್ಲ. ಹಾಯೆನಿಸಿತು. ಇನ್ನು ಅದು ಅವನ ಹತ್ತಿರವೂ ಇಲ್ಲ! ಅದು ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಹೋದದ್ದು ಏನೆಂದು ತಲೆಗೆ ಹತ್ತಿತು. ಯಾವ ಶಾಲೆ, ಯಾವ ಊರು, ಯಾರೂ ಓದಿರಲಿಲ್ಲ, ಇನ್ನು ಯಾರೂ ಓದುವಂತಿಲ್ಲ. ಅಯ್ಯೋ, ಏನಮ್ಮಾ ಮಾಡಿಬಿಟ್ಟೆ ಎಂದು ಬಾಯಿ ತೆರೆದಿದ್ದೆ. ಅವನು ನನ್ನ ರಟ್ಟೆ ಹಿಡಿದು, ಚಪ್ಪಲಿ ಬಿಟ್ಟು ಬರುತ್ತೇವೆ ಎಂದು ಹೇಳಿ, ಗ್ಯಾರೇಜಿಗೆ ಎಳೆದುಕೊಂಡು ಹೋದ. ಅವನ ಕಣ್ಣು ಕೆಂಪಗಾಗಿದ್ದವು.

"ಸರ, ಕೈ ಮುಗೀತೇನಿ, ಆಕಿಗೆ ಹೇಳಬ್ಯಾಡ್ರಿ. ಮುಂಜಾನಿಂದ ಉಪಾಸ ಇದ್ದು ತಿಕ್ಕ್ಯಾಳ. ಗೊತ್ತಾದ್ರ ಇನ್ನೊಮ್ಮೆ ಹಬ್ಬಾ ಮಾಡಂಗಿಲ್ಲ ಆಕಿ."

ಮುಖ ತೊಳೆದುಕೊಂಡು ಒಳಗೆ ಹೋದ. ಹೋದವನು ಬಂದೂಕಿನ ಮುಂದೆ ಕೂತು, ಭಾರಿ ಹೊಳಿಯಾಕತ್ತದ ಎಂದು ಹೆಂಡತಿಗೆ ಹೇಳಿ, ಆರತಿ ಎತ್ತಿದ. ನಾನು ಹಿಂದೆ ನಿಂತು ಘಂಟೆ ಬಾರಿಸಿದೆ. ಊಟಕ್ಕೆ ಹೋಳಿಗೆ, ಕಟ್ಟಿನ ಸಾರು. ಅವರು ಬಡಿಸುತ್ತ, ನಿಮ್ಮ ಬಂದೂಕುಗಳನ್ನೂ ಹೀಗೇ ತಿಕ್ಕಿಕೊಡುತ್ತೇನೆ ಸರ ಎಂದರು. ಆಗಲಮ್ಮ ಎಂದೆ. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಮೂರು ಹೋಳಿಗೆ ತಿಂದೆ. ಅವನು ಮಾತ್ರ ಎಂದಿನಂತೆ ಗಲಗಲ ಮಾತಾಡುತ್ತಿದ್ದ. ಅವನಿಗೆ ಹೋದದ್ದೇನೆಂದು ಆ ಮನೆಯಲ್ಲಿ ನನಗಲ್ಲದೆ ಇನ್ನಾರಿಗೂ ತಿಳಿದಂತಿರಲಿಲ್ಲ. ನನಗೆ ಮತ್ತೆ ಉರಿಯಿತು, ಈ ಸಲ ಯಾಕೆಂದು ಸರಿಯಾಗಿ ತಿಳಿಯಲಿಲ್ಲ. ಬಂದೂಕಿನಲ್ಲಿ ಉರಿಯುವಂಥದ್ದು ಏನೂ ಉಳಿದಿರಲಿಲ್ಲವಲ್ಲ.

ನಾಲ್ಕುನೂರಾ ಒಂದನೇ ಹೆದ್ದಾರಿಯ ಮೇಲೆ ಮನೆಯ ಕಡೆ ಬರುತ್ತಿದ್ದೆವು. ಆ ಮರದ ಮೇಲಿದ್ದ ಬರಹ ಅಳಿಸಿಹೋಯಿತು ಅಲ್ಲವೇ ಎಂದು ಹೆಂಡತಿ ಕೇಳಿದಳು. ಅವಳಿಗೆ ಹೇಗೆ ಗೊತ್ತಾಯಿತೆಂದು ನಾನು ತಿರುಗಿ ನೋಡಿದೆ. ವರ್ಷಗಟ್ಟಲೆ ಮನೆಯಲ್ಲಿ ನೀವು ಹಲುಬಿದ್ದು ಅದನ್ನೇ ತಾನೇ, ನಿಮ್ಮಿಬ್ಬರ ಮುಖ ನೋಡಿಯೇ ತಿಳಿಯಿತು ಎಂದಳು. ಹೌದು, ಹೋಯಿತು, ಪಾಪ, ಅವನೂ ಎಷ್ಟು ಇಷ್ಟಪಟ್ಟು ಇಟ್ಟುಕೊಂಡಿದ್ದ ಎಂದೆ.

"ನಮ್ಮನೇಲಿ ನಾನು ಆ ರೂಮಿಗೆ ಪೊರಕೆ ತಗೊಂಡು ಹೋಗೋಕೂ ಹೆದರ್ತೀನಿ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಇವತ್ತು ಅವಳನ್ನ ನೋಡಿ ನಂಗೆ ಹೊಟ್ಟೆ ಉರೀತು ಕಣ್ರೀ."

ಆ ಕಾರಿನಲ್ಲಿ ಹೊಟ್ಟೆ ಉರಿಯುವವನು ನಾನೊಬ್ಬನೇ ಎಂದುಕೊಂಡು ಇಷ್ಟು ವರ್ಷ ಓಡಿಸಿದ್ದೆ.