ದಪ್ಪಕ್ಷರದಣ್ಣ
ನಮ್ಮ ಆಫೀಸಿನ ಹಿರಿಯ ಪ್ರೋಗ್ರಾಮರನ್ನು ನಾವೆಲ್ಲ ದಪ್ಪಕ್ಷರದಣ್ಣ ಎಂದೇ ಕರೆಯುವುದು. ತಾವು ಕೋಡ್ ಬರೆಯುವ ಎಡಿಟರಿಗೆ ಮಾತ್ರ ಬೇಕಾದ, ಅಕ್ಷರದ ಗಾತ್ರದಂಥ ಸೆಟ್ಟಿಂಗುಗಳನ್ನು, ಪ್ರೋಗ್ರಾಂ ಸಿದ್ಧಪಡಿಸಲು ಎಲ್ಲರೂ ಬಳಸುವ ಬಿಲ್ಡ್ ಫೈಲುಗಳ ಜೊತೆ ಸೇರಿಸಿ ಕಳಿಸಿಬಿಡುವುದು ಅವರ ಅಭ್ಯಾಸ. ಬೆಳಿಗ್ಗೆ ಬಂದು ನೋಡಿದರೆ ನಮ್ಮೆಲ್ಲರ ಪರದೆಯ ಮೇಲೂ ಕುಂಬಳಕಾಯಿ ಗಾತ್ರದ ಅಕ್ಷರಗಳು. ಒಂದು ಸಾಲು ಓದಬೇಕಾದರೆ ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ತಳ್ಳಬೇಕು. "ನನ್ನದ್ರಲ್ಲಿ ಮಾಡಿದ್ದು ನಿಮ್ಮದಕ್ಕೆ ಹೇಗಪ್ಪಾ ಬಂತು?" ಎಂದು ಅವರು ಕಣ್ಣು ಕಣ್ಣು ಬಿಡುತ್ತಾರೆ. ಬೈಯಬೇಕೋ ನಗಬೇಕೋ ತಿಳಿಯದೆ ನಾವೂ ಕಣ್ಣು ಕಣ್ಣು ಬಿಡುತ್ತೇವೆ. ಕೊನೆಗೆ ತಲೆ ಚಿಟ್ಟು ಹಿಡಿದು, ಅವರ ಸೆಟ್ಟಿಂಗುಗಳನ್ನು ಅವರ ಕಂಪ್ಯೂಟರಿನಲ್ಲೇ ಬೇರೆಯಾಗಿ ಇಟ್ಟುಕೊಟ್ಟೆವು. ಈಗ ನಮ್ಮ ಅಕ್ಷರಗಳೆಲ್ಲ ನೆಟ್ಟಗಿವೆ. ಅವರ ಅಕ್ಷರಗಳು ಬರುಬರುತ್ತಾ ದಪ್ಪವಾಗುತ್ತಲೇ ಇದ್ದದ್ದು ಏಕೆಂದು ಮಾತ್ರ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಿನ್ನೆ, ದಿನವೂ ಅವರ ಪಕ್ಕದಲ್ಲೇ ಕೂರುವ ನಾನು ಬಾಗಿಲಲ್ಲಿ ಎದುರಾದಾಗ, "ಯಾರಪ್ಪಾ ಅದು?" ಎಂದರು.